ರೆವ್ ಲಿಮಿಟರ್ ತೆಗೆದರೆ ಕಾರಿನ ಶಕ್ತಿ ಹೆಚ್ಚುತ್ತದೆಯೇ? ಘಾಟಿಯಲ್ಲಿ ಎಂಜಿನ್ ಕೂಗಿದರೆ ಹಾಳಾಗುತ್ತದೆಯೇ?

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ ಮಾದಾಪುರ ಸಿಗುತ್ತದೆ. ಎರಡೂ ಕಡೆ ಕಾಫಿ ತೋಟ, ನಡುವೆ ಏರಿಳಿತ ಮತ್ತು ತಿರುವು. ಈ ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಎರಡು ಬಗೆಯ ಚಾಲಕರು ಕಿವಿಗೆ ಬೀಳುತ್ತಾರೆ. ಒಬ್ಬರು ಎಂಜಿನ್ ಕಿರುಚುವವರೆಗೂ ಆಕ್ಸಿಲರೇಟರ್ ಒತ್ತುತ್ತಾರೆ. ಇನ್ನೊಬ್ಬರು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಸದ್ದಿಲ್ಲದೆ ಜಾರಿಕೊಂಡು ಹೋಗುತ್ತಾರೆ.

ಮೊದಲನೆಯವರ ಫೋನಿನಲ್ಲಿ ಇಂಥ ಮಾತು ಓಡಾಡುತ್ತಿರುತ್ತದೆ: "ಕಂಪನಿಯವರು ಬೇಕೆಂದೇ ಎಂಜಿನ್ ಕಟ್ಟಿಹಾಕಿದ್ದಾರೆ, ಲಿಮಿಟರ್ ತೆಗೆಸಿ, ನಿಜವಾದ ಪವರ್ ನೋಡಿ." ಎರಡನೆಯವರದು ಹೀಗಿರುತ್ತದೆ: "ಇಳಿಜಾರಿನಲ್ಲಿ ಗೇರಿನಲ್ಲಿದ್ದರೆ ಆರ್‌ಪಿಎಂ ಏರಿ ಎಂಜಿನ್ ಸವೆಯುತ್ತದೆ, ನ್ಯೂಟ್ರಲ್ ಮಾಡಿ, ಪೆಟ್ರೋಲೂ ಉಳಿಯುತ್ತದೆ."

ಎರಡೂ ತಪ್ಪು. ಎರಡನೆಯದಂತೂ ಪ್ರಾಣಕ್ಕೇ ಅಪಾಯ. ಎಂಜಿನ್ ಎಷ್ಟು ವೇಗವಾಗಿ ತಿರುಗಬಲ್ಲದು, ಆ ಮಿತಿ ಎಲ್ಲಿಂದ ಬರುತ್ತದೆ, ಹೆಚ್ಚು ತಿರುಗುವ ಎಂಜಿನನ್ನು ಸುರಕ್ಷಿತವಾಗಿ ಕಟ್ಟಲು ಏನೇನು ಬೇಕು ಎಂಬುದು ಅರ್ಥವಾದರೆ ಈ ಎರಡು ಮಾತುಗಳ ತಪ್ಪೂ ತಾನಾಗಿ ಕಾಣುತ್ತದೆ. ಒಂದೊಂದಾಗಿ ನೋಡೋಣ.

ಆರ್‌ಪಿಎಂ ಎಂದರೆ ನಿಜಕ್ಕೂ ಏನು?

ಎಂಜಿನ್ ಒಳಗಿನ ಕ್ರ್ಯಾಂಕ್‌ಶಾಫ್ಟ್ ಒಂದು ನಿಮಿಷದಲ್ಲಿ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕವೇ ಆರ್‌ಪಿಎಂ. ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ ಒಂದು ಕಡೆ ಕೆಂಪು ಬಣ್ಣ ಶುರುವಾಗುತ್ತದೆ. ಅದನ್ನು ರೆಡ್‌ಲೈನ್ ಎನ್ನುತ್ತಾರೆ. ಅದರ ಸ್ವಲ್ಪ ಆಚೆ ಈಗಿನ ಕಾರುಗಳಲ್ಲಿ ಕಂಪ್ಯೂಟರ್ ತಾನೇ ಇಂಧನ ಅಥವಾ ಕಿಡಿಯನ್ನು ನಿಲ್ಲಿಸುತ್ತದೆ. ಅದೇ ರೆವ್ ಲಿಮಿಟರ್.

ಕೊಡಗಿನವರಿಗೆ ಚೆನ್ನಾಗಿ ಗೊತ್ತಿರುವ ಒಂದು ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ: ಮಾರುತಿ ಜಿಪ್ಸಿ. ತೋಟದ ಕೆಲಸಕ್ಕೂ, ಕೊಯ್ಲು ಮುಗಿದ ಗದ್ದೆಯಲ್ಲಿ ನಡೆಯುವ ಆಟೋಕ್ರಾಸ್‌ಗೂ, ರ‍್ಯಾಲಿಗೂ ಒದಗಿದ ಗಾಡಿ ಇದು. ಇದರ 1.3 ಲೀಟರ್ ಎಂಜಿನಿನಲ್ಲಿ ನಾಲ್ಕು ಸಿಲಿಂಡರ್. ಪ್ರತಿ ಸಿಲಿಂಡರಿನ ವ್ಯಾಸ 74 ಮಿಲಿಮೀಟರ್. ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ, ಅಂದರೆ ಸ್ಟ್ರೋಕ್, 75.5 ಮಿಲಿಮೀಟರ್. 16 ವಾಲ್ವ್‌ಗಳ ಮಾದರಿಯಲ್ಲಿ 80 ಅಶ್ವಶಕ್ತಿ ಸಿಗುವುದು 6,000 ಆರ್‌ಪಿಎಂನಲ್ಲಿ.

6,000 ಆರ್‌ಪಿಎಂ ಎಂದರೆ ಸೆಕೆಂಡಿಗೆ 100 ಸುತ್ತು. ಪ್ರತಿ ಸುತ್ತಿನಲ್ಲಿ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಪೂರ್ತಿ ನಿಂತು ದಿಕ್ಕು ಬದಲಿಸುತ್ತದೆ. ಅಂದರೆ ಸೆಕೆಂಡಿಗೆ 200 ಸಲ ನಿಲ್ಲುತ್ತದೆ. ನಿಂತಲ್ಲಿಂದ ಹೊರಟು, ಗಂಟೆಗೆ 85 ಕಿಲೋಮೀಟರಿಗೂ ಹೆಚ್ಚಿನ ವೇಗ ಮುಟ್ಟಿ, ಮತ್ತೆ ನಿಲ್ಲುವುದು, ಇಷ್ಟೆಲ್ಲ ಏಳೂವರೆ ಸೆಂಟಿಮೀಟರ್ ಜಾಗದೊಳಗೆ, ಸೆಕೆಂಡಿನ ಇನ್ನೂರನೇ ಒಂದು ಭಾಗದಲ್ಲಿ ಆಗಬೇಕು.

ವೇಗ ಸ್ವಲ್ಪ ಹೆಚ್ಚಿದರೆ ಒತ್ತಡ ತುಂಬಾ ಹೆಚ್ಚುತ್ತದೆ

ಓಡುತ್ತಿರುವ ಪಿಸ್ಟನನ್ನು ನಿಲ್ಲಿಸಿ ವಾಪಸ್ ಎಳೆಯುವ ಕೆಲಸ ಕನೆಕ್ಟಿಂಗ್ ರಾಡಿನದು. ಪಿಸ್ಟನ್, ಅದರ ಪಿನ್, ರಾಡಿನ ಮೇಲ್ತುದಿ ಎಲ್ಲ ಸೇರಿ ಅರ್ಧ ಕಿಲೋ ತೂಗುತ್ತದೆ ಎಂದುಕೊಳ್ಳೋಣ. ಮೇಲಿನ ತುದಿಯಲ್ಲಿ ಅದನ್ನು ತಿರುಗಿಸುವಾಗ ರಾಡಿನ ಮೇಲೆ ಬೀಳುವ ಎಳೆತ ನಮ್ಮ ಲೆಕ್ಕದಲ್ಲಿ ಹೀಗೆ ಬರುತ್ತದೆ:

6,000 ಆರ್‌ಪಿಎಂ – ಸುಮಾರು 1 ಟನ್
7,000 ಆರ್‌ಪಿಎಂ – ಸುಮಾರು 1.35 ಟನ್
8,000 ಆರ್‌ಪಿಎಂ – ಸುಮಾರು 1.8 ಟನ್
9,000 ಆರ್‌ಪಿಎಂ – ಸುಮಾರು 2.25 ಟನ್

ಅರ್ಧ ಕಿಲೋ ವಸ್ತು ಒಂದು ಟನ್ ಭಾರದಂತೆ ಎಳೆಯುತ್ತದೆ. ಇನ್ನೊಂದು ಸಂಗತಿ ಗಮನಿಸಿ. ಆರ್‌ಪಿಎಂ 6,000ದಿಂದ 9,000ಕ್ಕೆ ಏರಿದಾಗ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು. ಎಳೆತ ಹೆಚ್ಚಿದ್ದು ಎರಡೂಕಾಲು ಪಟ್ಟು. ಎಳೆತವು ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಈ ಇಡೀ ವಿಷಯದ ಬೇರು. "ಇನ್ನೊಂದು ಸಾವಿರ ತಾನೇ" ಎನ್ನುವವರು ಮರೆಯುವುದು ಇದನ್ನೇ.

ರಾಡ್ ಮುರಿಯುವುದು ಸ್ಫೋಟದ ಒತ್ತಡದಿಂದ ಎಂದು ಬಹಳ ಜನ ಭಾವಿಸುತ್ತಾರೆ. ಪೆಟ್ರೋಲ್ ಉರಿದಾಗ ರಾಡ್ ಒತ್ತಲ್ಪಡುತ್ತದೆ. ಉಕ್ಕು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಹೆಚ್ಚಿನ ಆರ್‌ಪಿಎಂನಲ್ಲಿ ದೊಡ್ಡ ಅಪಾಯ ಇರುವುದು ಎಳೆತದಲ್ಲಿ. ಅದರಲ್ಲೂ ಹೊಗೆ ಹೊರಹೋಗುವ ಹಂತದ ಕೊನೆಯಲ್ಲಿ ಪಿಸ್ಟನ್ ಮೇಲೆ ಬಂದಾಗ ಅದನ್ನು ತಡೆಯಲು ಅನಿಲದ ಒತ್ತಡ ಇರುವುದೇ ಇಲ್ಲ. ಪೂರ್ತಿ ಎಳೆತ ರಾಡಿನ ಮೇಲೆ, ಅದರ ಕೆಳತುದಿಯ ಎರಡು ಬೋಲ್ಟ್‌ಗಳ ಮೇಲೆ ಬೀಳುತ್ತದೆ. 6,000 ಆರ್‌ಪಿಎಂನಲ್ಲಿ ಒಂದು ಗಂಟೆ ಓಡಿದರೆ ಇದು 1,80,000 ಸಲ ನಡೆಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಲೋಹದ ಆಯಾಸ ಎಂದರೆ ಅದೇ. ಒಂದು ಸಲಕ್ಕೆ ತಡೆದದ್ದು ಲಕ್ಷ ಸಲಕ್ಕೂ ತಡೆಯಬೇಕೆಂದಿಲ್ಲ. "ನಿನ್ನೆ 8,000 ಮುಟ್ಟಿದೆ, ಏನೂ ಆಗಲಿಲ್ಲ" ಎಂಬುದು ಇವತ್ತಿಗೆ ಗ್ಯಾರಂಟಿ ಅಲ್ಲ.

ವಾಲ್ವ್‌ಗಳು ಹಿಂದುಳಿಯುತ್ತವೆ

ರಾಡ್ ಗಟ್ಟಿಯಾಗಿದ್ದರೂ ವಾಲ್ವ್‌ಗಳ ಸಮಸ್ಯೆ ಬೇರೆ. ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವನ್ನು ತೆರೆಯುವುದು ಕ್ಯಾಮ್. ಮುಚ್ಚುವುದು ಮಾತ್ರ ಸ್ಪ್ರಿಂಗ್. 6,000 ಆರ್‌ಪಿಎಂನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ವೇಗ ಮಿತಿ ಮೀರಿದರೆ ಸ್ಪ್ರಿಂಗಿಗೆ ವಾಲ್ವನ್ನು ಸಮಯಕ್ಕೆ ಸರಿಯಾಗಿ ಹಿಂದಕ್ಕೆ ಎಳೆಯಲು ಆಗುವುದಿಲ್ಲ. ಕ್ಯಾಮ್ ಮುಂದೆ ಹೋಗಿರುತ್ತದೆ, ವಾಲ್ವ್ ಗಾಳಿಯಲ್ಲಿ ತೇಲುತ್ತಿರುತ್ತದೆ. ಇದನ್ನು ವಾಲ್ವ್ ಫ್ಲೋಟ್ ಎನ್ನುತ್ತಾರೆ. ಮೇಲೆ ಬರುವ ಪಿಸ್ಟನ್ ಇನ್ನೂ ಮುಚ್ಚದ ವಾಲ್ವಿಗೆ ಬಡಿದರೆ ವಾಲ್ವ್ ಬಾಗುತ್ತದೆ, ಪಿಸ್ಟನ್ ತೂತಾಗುತ್ತದೆ.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಸಾಕಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಆದರೆ ಗಟ್ಟಿ ಸ್ಪ್ರಿಂಗ್ ಕ್ಯಾಮ್ ಮೇಲೆ ಹೆಚ್ಚು ಒತ್ತುತ್ತದೆ, ಅದನ್ನು ಬೇಗ ಸವೆಸುತ್ತದೆ. ಅದಕ್ಕೇ ರೇಸ್ ಎಂಜಿನಿಯರುಗಳು ಮೊದಲು ವಾಲ್ವಿನ ತೂಕ ಇಳಿಸಲು ನೋಡುತ್ತಾರೆ. ಟೈಟಾನಿಯಂ ವಾಲ್ವ್ ಬಂದದ್ದು ಹೀಗೆ. 1986ರಲ್ಲಿ ರೆನೋ ಕಂಪನಿ ಫಾರ್ಮುಲಾ ಒನ್ ಎಂಜಿನಿನಲ್ಲಿ ಲೋಹದ ಸ್ಪ್ರಿಂಗ್ ಬಿಟ್ಟು ಒತ್ತಿದ ಅನಿಲದಿಂದಲೇ ವಾಲ್ವ್ ಮುಚ್ಚುವ ವ್ಯವಸ್ಥೆ ತಂದಿತು. ಆಮೇಲೆ ಆ ಕ್ಷೇತ್ರದಲ್ಲಿ ಎಲ್ಲರೂ ಅದೇ ದಾರಿ ಹಿಡಿದರು.

ಹಾಗಾದರೆ ಫಾರ್ಮುಲಾ ಒನ್ ಕಾರು 18,000 ಮುಟ್ಟಿದ್ದು ಹೇಗೆ?

ಈ ಪ್ರಶ್ನೆ ಸಹಜ. 2009ರಿಂದ 2013ರವರೆಗೆ ಫಾರ್ಮುಲಾ ಒನ್‌ನ 2.4 ಲೀಟರ್ ವಿ8 ಎಂಜಿನುಗಳಿಗೆ ನಿಯಮದಲ್ಲಿದ್ದ ಮಿತಿ 18,000 ಆರ್‌ಪಿಎಂ. ಗುಟ್ಟು ಅವುಗಳ ಆಕಾರದಲ್ಲಿತ್ತು. ಸಿಲಿಂಡರಿನ ವ್ಯಾಸ 98 ಮಿಲಿಮೀಟರ್, ಸ್ಟ್ರೋಕ್ 40 ಮಿಲಿಮೀಟರಿಗಿಂತಲೂ ಸ್ವಲ್ಪ ಕಡಿಮೆ. ಅಗಲ ಜಾಸ್ತಿ, ಓಟ ಕಡಿಮೆ.

ಪಿಸ್ಟನ್ನಿನ ಸರಾಸರಿ ವೇಗ ಲೆಕ್ಕ ಹಾಕಿದರೆ 18,000 ಆರ್‌ಪಿಎಂನಲ್ಲೂ ಆ ಎಂಜಿನಿನದು ಸೆಕೆಂಡಿಗೆ ಸುಮಾರು 24 ಮೀಟರ್. ಜಿಪ್ಸಿ ಎಂಜಿನಿನದು 6,000ದಲ್ಲಿ 15 ಮೀಟರ್, 8,000ದಲ್ಲಿ 20 ಮೀಟರ್. ಅಂದರೆ ಜಿಪ್ಸಿಯನ್ನು 9,500ರ ಹತ್ತಿರ ಓಡಿಸುವುದೂ, ಫಾರ್ಮುಲಾ ಒನ್ ಎಂಜಿನನ್ನು 18,000ಕ್ಕೆ ಓಡಿಸುವುದೂ ಪಿಸ್ಟನ್ ವೇಗದ ಲೆಕ್ಕದಲ್ಲಿ ಒಂದೇ. ವ್ಯತ್ಯಾಸ ಏನೆಂದರೆ, ಒಂದರ ಪ್ರತಿ ಬಿಡಿಭಾಗವೂ ಅದಕ್ಕೆಂದೇ ತಯಾರಾಗಿತ್ತು. ಇನ್ನೊಂದು ತೋಟಕ್ಕೆ ಗೊಬ್ಬರ ಸಾಗಿಸಲು ತಯಾರಾದದ್ದು.

ರಸ್ತೆಯ ಕಾರಿನಲ್ಲೂ ಇದು ಸಾಧ್ಯ ಎಂದು ತೋರಿಸಿದವರಿದ್ದಾರೆ. 1999ರಲ್ಲಿ ಬಂದ ಹೋಂಡಾ ಎಸ್2000 ಕಾರಿನ 2 ಲೀಟರ್ ಎಂಜಿನ್ 9,000 ಆರ್‌ಪಿಎಂವರೆಗೆ ತಿರುಗುತ್ತಿತ್ತು. ಅದರ ಸ್ಟ್ರೋಕ್ 84 ಮಿಲಿಮೀಟರ್, ಹಾಗಾಗಿ ಪಿಸ್ಟನ್ ವೇಗ ಸೆಕೆಂಡಿಗೆ 25 ಮೀಟರ್. ಆದರೆ ರಾಡ್, ಪಿಸ್ಟನ್, ವಾಲ್ವ್, ಆಯಿಲ್ ವ್ಯವಸ್ಥೆ ಎಲ್ಲವನ್ನೂ ಕಾರ್ಖಾನೆಯಲ್ಲೇ ಆ ವೇಗಕ್ಕೆ ಹೊಂದಿಸಿದ್ದರು. ಲಿಮಿಟರ್ ಅದರಲ್ಲೂ ಇತ್ತು.

ಡೀಸೆಲ್ ಜೀಪ್ ಏಕೆ ಬೇಗ ಕೆಂಪು ಮುಟ್ಟುತ್ತದೆ?

ಪ್ರವಾಸಿಗರನ್ನು ಹೊತ್ತು ಮಾಂದಲಪಟ್ಟಿ ಹತ್ತುವ ಜೀಪುಗಳಲ್ಲಿ ಹೆಚ್ಚಿನವು ಡೀಸೆಲ್. ಡೀಸೆಲ್ ಎಂಜಿನಿನೊಳಗೆ ಒತ್ತಡ ಹೆಚ್ಚು. ಅದನ್ನು ತಡೆಯಲು ಪಿಸ್ಟನ್, ರಾಡ್ ಭಾರವಾಗಿರುತ್ತವೆ. ಸ್ಟ್ರೋಕ್ ಕೂಡ ಸಾಮಾನ್ಯವಾಗಿ ಉದ್ದ. ಜೊತೆಗೆ, ಸಿಂಪಡಿಸಿದ ಡೀಸೆಲ್ ಗಾಳಿಯೊಡನೆ ಬೆರೆತು ಉರಿಯಲು ಸಮಯ ಬೇಕು. ಹೀಗಾಗಿ ಡೀಸೆಲ್ ಕಾರುಗಳ ರೆಡ್‌ಲೈನ್ ಸಾಮಾನ್ಯವಾಗಿ 4,500ರಿಂದ 5,000ದ ಆಸುಪಾಸಿನಲ್ಲೇ ಬಂದುಬಿಡುತ್ತದೆ. ಅದು ದೋಷವಲ್ಲ. ಕಡಿಮೆ ಆರ್‌ಪಿಎಂನಲ್ಲೇ ಹೆಚ್ಚು ಟಾರ್ಕ್ ಕೊಟ್ಟು ಬೆಟ್ಟ ಹತ್ತಿಸುವುದು ಅದರ ಕೆಲಸ.

ಲಿಮಿಟರ್ ತೆಗೆದರೆ ಪವರ್ ಹೆಚ್ಚುತ್ತದೆಯೇ?

ಈಗ ಮೊದಲನೆಯ ಫಾರ್ವರ್ಡ್‌ಗೆ ಬರೋಣ. ಶಕ್ತಿ ಎಂದರೆ ಟಾರ್ಕ್ ಮತ್ತು ಆರ್‌ಪಿಎಂನ ಗುಣಲಬ್ಧ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಲೆಕ್ಕ ಸಿಗುತ್ತದೆ. ಮೇಲ್ನೋಟಕ್ಕೆ ಆರ್‌ಪಿಎಂ ಏರಿದಷ್ಟೂ ಶಕ್ತಿ ಏರಬೇಕು. ಆದರೆ ಟಾರ್ಕ್ ಒಂದೇ ಸಮ ಇರುವುದಿಲ್ಲ.

ಜಿಪ್ಸಿಯ ಗರಿಷ್ಠ ಟಾರ್ಕ್ 103 ನ್ಯೂಟನ್ ಮೀಟರ್, ಅದು ಸಿಗುವುದು 4,500 ಆರ್‌ಪಿಎಂನಲ್ಲಿ. 6,000ಕ್ಕೆ ಬರುವ ಹೊತ್ತಿಗೆ ಅದು ಸುಮಾರು 94ಕ್ಕೆ ಇಳಿದಿರುತ್ತದೆ. ಕಾರಣ ಉಸಿರು. ಆ ವೇಗದಲ್ಲಿ ಗಾಳಿ ಒಳಬರಲು ಸಮಯ ಸಾಲದು, ಗಾಳಿ ಬರುವ ದಾರಿಯೂ ಕ್ಯಾಮಿನ ಆಕಾರವೂ ಅಷ್ಟು ವೇಗಕ್ಕೆ ಮಾಡಿದ್ದಲ್ಲ. 8,000ದಲ್ಲಿ ಟಾರ್ಕ್ 70ಕ್ಕೆ ಇಳಿಯಿತೆಂದುಕೊಳ್ಳಿ. ಲೆಕ್ಕ ಹಾಕಿದರೆ ಸಿಗುವ ಶಕ್ತಿ ಸುಮಾರು 79 ಅಶ್ವಶಕ್ತಿ. 6,000ದಲ್ಲಿ ಆಗಲೇ 80 ಇತ್ತು!

ಅಂದರೆ ರಾಡ್ ಬೋಲ್ಟ್‌ಗಳ ಮೇಲಿನ ಎಳೆತ ಹೆಚ್ಚುಕಡಿಮೆ 1.8 ಪಟ್ಟಾಯಿತು, ಸಿಕ್ಕಿದ್ದು ಮಾತ್ರ ಬರೀ ಸದ್ದು. ಲಿಮಿಟರ್ ಶಕ್ತಿಯನ್ನು ಕಟ್ಟಿಹಾಕಿಲ್ಲ. ಅದರಾಚೆ ಕಟ್ಟಿಹಾಕಲು ಏನೂ ಉಳಿದಿರುವುದಿಲ್ಲ.

ಗೆಲ್ಲುವ ರ‍್ಯಾಲಿ ಕಾರುಗಳೂ ಆರ್‌ಪಿಎಂ ಒಂದನ್ನೇ ನಂಬುವುದಿಲ್ಲ. 2016ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ನಡೆಯಿತು. ಆ ವರ್ಷದ ಚಾಂಪಿಯನ್ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫಾಬಿಯಾ ಆರ್5. ಆ ವರ್ಗದ 1.6 ಲೀಟರ್ ಟರ್ಬೊ ಎಂಜಿನಿಗೆ ಗಾಳಿ ಹೋಗಬೇಕಾದದ್ದು ನಿಯಮದ ಪ್ರಕಾರ 32 ಮಿಲಿಮೀಟರ್ ಕಿಂಡಿಯ ಮೂಲಕ. ಅಷ್ಟರಲ್ಲಿ ಹೋಗುವ ಗಾಳಿಗೆ ಒಂದು ಮಿತಿ ಇದೆ. ಆ ಮಿತಿ ಮುಟ್ಟಿದ ಮೇಲೆ ಎಷ್ಟು ತಿರುಗಿಸಿದರೂ ಶಕ್ತಿ ಹೆಚ್ಚುವುದಿಲ್ಲ. ಅದಕ್ಕೇ ಅಂಥ ಎಂಜಿನುಗಳನ್ನು ಮಧ್ಯದ ಆರ್‌ಪಿಎಂನಲ್ಲಿ ಬಲವಾಗಿ ಎಳೆಯುವಂತೆ ಕಟ್ಟುತ್ತಾರೆ.

ಸುರಕ್ಷಿತವಾಗಿ ಕಟ್ಟುವುದು ಎಂದರೆ ಏನೇನು?

ಸ್ಪರ್ಧೆಗೆಂದು ನಿಜವಾಗಿಯೂ ಹೆಚ್ಚು ತಿರುಗುವ ಎಂಜಿನ್ ಬೇಕಾದವರು ಇದ್ದಾರೆ. ಅನುಭವಿಗಳು ಕೆಲಸ ಶುರು ಮಾಡುವುದು ಲಿಮಿಟರಿನಿಂದಲ್ಲ, ಅದು ಕೊನೆಯ ಹೆಜ್ಜೆ. ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ.

ಪರೀಕ್ಷೆ: ಕ್ರ್ಯಾಂಕ್‌ಶಾಫ್ಟ್, ರಾಡ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೇ ಎಂದು ಕಾಂತೀಯ ಪುಡಿಯಿಂದ ನೋಡುತ್ತಾರೆ. ಬಿರುಕು ಇದ್ದರೆ ಮುಂದಿನ ಎಲ್ಲ ಖರ್ಚೂ ದಂಡ.

ರಾಡ್ ಮತ್ತು ಬೋಲ್ಟ್: ಬಡಿದು ರೂಪಿಸಿದ ಫೋರ್ಜ್ಡ್ ರಾಡ್, ಹೊಸ ಬೋಲ್ಟ್. ಹಳೆಯ ಬೋಲ್ಟನ್ನು ಮತ್ತೆ ಬಳಸುವುದು ದೊಡ್ಡ ತಪ್ಪು. ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿಯುವಂತಿಲ್ಲ. ಅದು ಎಷ್ಟು ಹಿಗ್ಗಿದೆ ಎಂದು ಅಳೆದು ಬಿಗಿಯುತ್ತಾರೆ.

ತೂಕ ಹೊಂದಿಸುವುದು: ಪಿಸ್ಟನ್‌ಗಳ ತೂಕ ಒಂದಕ್ಕೊಂದು ಸಮ ಇರಬೇಕು, ಕ್ರ್ಯಾಂಕ್‌ಶಾಫ್ಟ್ ಸಮತೋಲದಲ್ಲಿರಬೇಕು. ಕ್ರ್ಯಾಂಕಿನ ಒಂದು ಬದಿಯಲ್ಲಿ ಬರೀ 10 ಗ್ರಾಂ ಹೆಚ್ಚಿದ್ದರೂ 8,000 ಆರ್‌ಪಿಎಂನಲ್ಲಿ ಅದು ಸುಮಾರು 27 ಕಿಲೋ ಭಾರದಂತೆ ಬೇರಿಂಗನ್ನು ಜಗ್ಗುತ್ತದೆ.

ವಾಲ್ವ್ ವ್ಯವಸ್ಥೆ: ಕ್ಯಾಮಿಗೆ ಸರಿಹೊಂದುವ ಸ್ಪ್ರಿಂಗ್, ಹಗುರ ವಾಲ್ವ್, ಪಿಸ್ಟನ್‌ಗೂ ವಾಲ್ವಿಗೂ ನಡುವೆ ಸಾಕಷ್ಟು ಅಂತರ. ಈ ಅಂತರವನ್ನು ಅಳೆದೇ ತಿಳಿಯಬೇಕು.

ಆಯಿಲ್: ಬೇರಿಂಗ್ ಮತ್ತು ಕ್ರ್ಯಾಂಕಿನ ನಡುವೆ ಇರುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರ. ಗದ್ದೆಯಲ್ಲಿ ಗಾಡಿಯನ್ನು ಗಿರಕಿ ಹೊಡೆಸುವಾಗ ಆಯಿಲ್ ಸಂಪಿನ ಒಂದು ಮೂಲೆಗೆ ಸರಿದು ಪಂಪಿಗೆ ಗಾಳಿ ಸಿಕ್ಕಿದರೆ, ಕ್ಷಣಗಳಲ್ಲಿ ಬೇರಿಂಗ್ ಸುಡುತ್ತದೆ. ಅದಕ್ಕೇ ಸಂಪಿನೊಳಗೆ ತಡೆಗೋಡೆ ಹಾಕುತ್ತಾರೆ.

ಫ್ಲೈವೀಲ್ ಮತ್ತು ಕ್ಲಚ್: ಇದನ್ನು ಮರೆಯುವವರೇ ಹೆಚ್ಚು. ಎರಕದ ಕಬ್ಬಿಣದ ಫ್ಲೈವೀಲ್ ಅತಿ ವೇಗದಲ್ಲಿ ಸಿಡಿದರೆ ಚೂರುಗಳು ಚಾಲಕನ ಕಾಲಿನ ಕಡೆಗೇ ಹಾರಬಹುದು. ಸ್ಪರ್ಧೆಯ ಕಾರಿಗೆ ಉಕ್ಕಿನ ಫ್ಲೈವೀಲ್, ಕೆಲವೆಡೆ ಸುತ್ತ ರಕ್ಷಣಾ ಕವಚ ಹಾಕುವುದು ಈ ಕಾರಣಕ್ಕೆ.

ಉಸಿರು ಮತ್ತು ಟ್ಯೂನಿಂಗ್: ಮೇಲಿನದೆಲ್ಲ ಆದಮೇಲೆ ಹೆಡ್, ಕ್ಯಾಮ್, ಇಂಧನ, ಕಿಡಿಯ ಸಮಯ. ಕಡೆಗೆ, ಅತ್ಯಂತ ದುರ್ಬಲ ಭಾಗ ತಡೆಯಬಲ್ಲ ವೇಗಕ್ಕಿಂತ ಕೆಳಗೆ ಹೊಸ ಲಿಮಿಟರ್.

ಇದರಲ್ಲಿ ಒಂದನ್ನು ಬಿಟ್ಟರೂ ಉಳಿದದ್ದು ವ್ಯರ್ಥ. ಫೋರ್ಜ್ಡ್ ರಾಡ್ ಹಾಕಿ ಹಳೆಯ ವಾಲ್ವ್ ಸ್ಪ್ರಿಂಗ್ ಬಿಟ್ಟರೆ ಎಂಜಿನ್ ಒಡೆಯುವ ಜಾಗ ಬದಲಾಗುತ್ತದೆ, ಅಷ್ಟೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ನೆನಪಿರಲಿ. ರಸ್ತೆಯಲ್ಲಿ ಓಡುವ ಗಾಡಿಯ ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು. ಸ್ಪರ್ಧೆಯ ಎಂಜಿನ್ ಸ್ಪರ್ಧೆಯ ಅಂಗಳದಲ್ಲೇ ಇರಲಿ.

ಲಿಮಿಟರ್ ಕಾಪಾಡದ ಒಂದು ಸಂದರ್ಭ

ಎಲ್ಲ ಚಾಲಕರೂ ತಿಳಿಯಬೇಕಾದ ವಿಷಯ ಇದು. ಲಿಮಿಟರ್ ಮಾಡುವುದು ಇಂಧನ ನಿಲ್ಲಿಸುವುದನ್ನು ಮಾತ್ರ. ಚಕ್ರಗಳೇ ಎಂಜಿನನ್ನು ತಿರುಗಿಸಿದರೆ ಅದು ಏನೂ ಮಾಡಲಾರದು.

ಐದನೇ ಗೇರಿನಲ್ಲಿ 4,000 ಆರ್‌ಪಿಎಂನಲ್ಲಿ ಹೋಗುತ್ತಿದ್ದೀರಿ. ನಾಲ್ಕಕ್ಕೆ ಇಳಿಸಲು ಹೋಗಿ ಅವಸರದಲ್ಲಿ ಎರಡನೇ ಗೇರ್ ಬಿತ್ತು, ಕ್ಲಚ್ ಬಿಟ್ಟಿರಿ. ಎರಡನೇ ಗೇರಿನ ಅನುಪಾತ ಐದನೆಯದರ ಎರಡೂವರೆ ಪಟ್ಟು ಇದ್ದರೆ ಎಂಜಿನ್ 10,000ದ ಕಡೆಗೆ ಎಳೆಯಲ್ಪಡುತ್ತದೆ. ಇಂಧನ ಇಲ್ಲ, ಆಕ್ಸಿಲರೇಟರ್ ಒತ್ತಿಲ್ಲ, ಆದರೂ ರಾಡಿನ ಮೇಲಿನ ಎಳೆತ ಅಷ್ಟೇ ಇರುತ್ತದೆ. ಹೀಗಾದ ತಕ್ಷಣ ಕ್ಲಚ್ ಒತ್ತಿ. ಆಮೇಲೆ ಎಂಜಿನಿನಲ್ಲಿ ಹೊಸ ಸದ್ದು ಕೇಳಿದರೆ ಓಡಿಸಬೇಡಿ. ಆಟೋಮ್ಯಾಟಿಕ್ ಕಾರುಗಳಲ್ಲಿ ಕಂಪ್ಯೂಟರ್ ಇಂಥ ಗೇರನ್ನು ಒಪ್ಪುವುದಿಲ್ಲ.

ಇಳಿಜಾರಿನಲ್ಲಿ ಎಂಜಿನ್ ಕೂಗಿದರೆ?

ಇನ್ನು ಎರಡನೆಯ ಫಾರ್ವರ್ಡ್. ಮೇಲಿನದನ್ನೆಲ್ಲ ಓದಿ "ಹಾಗಾದರೆ ಘಾಟಿಯಲ್ಲಿ ನ್ಯೂಟ್ರಲ್ಲೇ ಕ್ಷೇಮ" ಎಂದುಕೊಳ್ಳಬೇಡಿ. ರೆಡ್‌ಲೈನಿನ ಕೆಳಗೆ, 3,000–4,000ದ ಆಸುಪಾಸಿನಲ್ಲಿ ಪೆಟ್ರೋಲ್ ಎಂಜಿನ್ ತಿರುಗುವುದು ಅದಕ್ಕೆ ಮಾಮೂಲಿ ಕೆಲಸ. ಸದ್ದು ಹೆಚ್ಚಾಗಿ ಕೇಳುತ್ತದೆ, ಹಾನಿ ಆಗುವುದಿಲ್ಲ. ಡೀಸೆಲ್ ಗಾಡಿಯಲ್ಲಿ ಅದರ ಕೆಂಪು ಗೆರೆಗೆ ತಕ್ಕಂತೆ ಇನ್ನೂ ಕೆಳಗೆ ಇಟ್ಟುಕೊಳ್ಳಿ.

ಬ್ರೇಕಿನ ಲೆಕ್ಕ ನೋಡಿ. ಜನ, ಲಗೇಜು ಸೇರಿ 1,500 ಕಿಲೋ ತೂಗುವ ಗಾಡಿ 500 ಮೀಟರ್ ಎತ್ತರ ಇಳಿದರೆ ಕಳೆಯಬೇಕಾದ ಶಕ್ತಿ, ಸುಮಾರು 22 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ನ್ಯೂಟ್ರಲ್‌ನಲ್ಲಿ ಇಳಿದರೆ ಆ ಶಾಖದ ಬಹುಪಾಲು ಬ್ರೇಕಿನ ಡಿಸ್ಕ್, ಡ್ರಮ್‌ಗಳಿಗೆ ಹೋಗುತ್ತದೆ. ಅತಿಯಾಗಿ ಕಾದರೆ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಫ್ಲೂಯಿಡ್ ಕುದಿದರೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ಮಡಿಕೇರಿ ಇರುವುದು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿ. ಅಲ್ಲಿಂದ ಸಂಪಾಜೆ ಕಡೆಗೆ ಇಳಿಯುವವರು ಈ ಲೆಕ್ಕವನ್ನು ಮರೆಯಬಾರದು.

ಗೇರಿನಲ್ಲಿ ಇಳಿದರೆ ಎಂಜಿನ್ ತಾನೇ ಗಾಡಿಯನ್ನು ಹಿಡಿದಿಡುತ್ತದೆ. ಇಂಧನವೂ ಉಳಿಯುತ್ತದೆ: ಫ್ಯುಯಲ್ ಇಂಜೆಕ್ಷನ್ ಇರುವ ಈಗಿನ ಕಾರುಗಳು ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನವನ್ನು ಪೂರ್ತಿ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಇಂಧನ ಕೊಡುತ್ತಲೇ ಇರಬೇಕು. ಎಂಜಿನನ್ನೇ ಆಫ್ ಮಾಡಿ ಇಳಿಯುವುದು ಇನ್ನೂ ಅಪಾಯ. ಬ್ರೇಕಿಗೂ ಸ್ಟೀರಿಂಗಿಗೂ ಸಿಗುವ ನೆರವು ಹೋಗುತ್ತದೆ, ಕೀ ತೆಗೆದರೆ ಸ್ಟೀರಿಂಗ್ ಲಾಕ್ ಆಗಬಹುದು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಬದಲಿಸಿ.
• ಗೇರ್ ಇಳಿಸುವಾಗ ಒಂದೊಂದಾಗಿ ಇಳಿಸಿ, ವೇಗ ತಗ್ಗಿಸಿ ಇಳಿಸಿ.
• ಡಿಸೆಂಬರ್ ಬೆಳಗಿನ ಚಳಿಯಲ್ಲಿ ಎಂಜಿನ್ ಬೆಚ್ಚಗಾಗಲೆಂದು ನಿಂತಲ್ಲೇ ರೆವ್ ಮಾಡಬೇಡಿ. ತಣ್ಣಗಿನ ಆಯಿಲ್ ದಪ್ಪಗಿರುತ್ತದೆ. ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಓಡಿಸಿ.
• ಕಾರ್ಬನ್ ಕಳೆಯಲು ರೆಡ್‌ಲೈನ್ ಮುಟ್ಟಿಸಬೇಕಿಲ್ಲ. ಫಿಲ್ಟರ್ ಇರುವ ಬಿಎಸ್6 ಡೀಸೆಲ್ ಗಾಡಿಗೆ ಆಗಾಗ ಬೇಕಿರುವುದು ನಿಲ್ಲದೆ ಒಂದೇ ಸಮನೆ ಸಾಗುವ ಓಟ.
• ಲಿಮಿಟರ್ ತೆಗೆದುಕೊಡುತ್ತೇವೆ ಎನ್ನುವವರನ್ನು ಒಂದು ಪ್ರಶ್ನೆ ಕೇಳಿ: "ರಾಡ್ ಬೋಲ್ಟ್, ವಾಲ್ವ್ ಸ್ಪ್ರಿಂಗ್ ಬದಲಿಸುತ್ತೀರಾ?" ಉತ್ತರ ಇಲ್ಲ ಎಂದಾದರೆ ಗಾಡಿಯನ್ನು ಅಲ್ಲಿಂದ ಮನೆಗೆ ತನ್ನಿ.

ಮಾದಾಪುರದ ರಸ್ತೆಯಲ್ಲಿ ಮುಂದಿನ ಸಲ ಎರಡನೇ ಗೇರಿನಲ್ಲಿ, ಎಂಜಿನ್ ಸಣ್ಣಗೆ ಗುಂಯ್‌ಗುಡುತ್ತ ಇಳಿಯುವ ಗಾಡಿ ಎದುರಾದರೆ, ಚಾಲಕನಿಗೆ ಓಡಿಸಲು ಬರುವುದಿಲ್ಲ ಎಂದು ನಗಬೇಡಿ. ತಿರುವಿನಲ್ಲಿ ಅವನ ಬ್ರೇಕ್ ತಣ್ಣಗಿರುತ್ತದೆ.